ಮೂರನೇ ಚರಣ ಕಿತ್ತುಹಾಕಿದೆ

ಅಣ್ಣನಿಗಾಗಿ ಏಳು ತಿಂಗಳು ಪ್ರಾರ್ಥನೆ ಮಾಡಿದೆವು. ಉಪವಾಸ ಮಾಡಿದೆವು. ಚರ್ಚಿನ ಸಭೆಯವರು ಸರತಿಯ ಮೇಲೆ ರಾತ್ರಿಯಿಡೀ ಮೊಣಕಾಲೂರಿದರು. ಅವನು ಉಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ಗಿಟಾರ್ ಹಿಡಿದು ಕೂತೆ. ಎರಡು ಚರಣ ತಾವಾಗಿಯೇ ಬಂದವು. ಮೊದಲನೆಯದರಲ್ಲಿ ಬಾಗಿಲ ಹತ್ತಿರ ಅವನು ಬಿಟ್ಟಿದ್ದ ಚಪ್ಪಲಿ ಇತ್ತು, ಎಡಗಾಲಿನದು ಹಿಮ್ಮಡಿ ಕಡೆ ಸವೆದದ್ದು. ಎರಡನೆಯದರಲ್ಲಿ ಅವನ ಬೈಬಲಿನೊಳಗೆ ಗುರುತಿಗೆ ಇಟ್ಟಿದ್ದ ಔಷಧಿ ಚೀಟಿ. ಮೂರನೆಯದು ಬರಲೇ ಇಲ್ಲ. ಹಾಗೇ ಬಿಡಲು ಹೆದರಿ ನಾನೇ ಕಟ್ಟಿದೆ: ಪರಲೋಕ, ಜೀವದ ಕಿರೀಟ, ಕಣ್ಣೀರು ಒರೆಸುವ ಕೈ. ಹತ್ತು ನಿಮಿಷದಲ್ಲಿ ಮುಗಿಯಿತು. ಅದೆಲ್ಲ ನಾನು ನಂಬುವ ಮಾತೇ. ಆದರೆ ಅವತ್ತು ಅದು ನಾಲಿಗೆಗೆ ರೂಢಿಯಾಗಿದ್ದಕ್ಕೆ ಬಂತು, ಅಷ್ಟೇ.

ಮೊದಲು ಅತ್ತಿಗೆಗೆ ಹಾಡಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೆರಡು ಕೇಳುವಾಗ ಅವರು ಇಲ್ಲೇ ಓಡಾಡಿದ ಹಾಗಿತ್ತು. ಮೂರನೇದು ಬಂದಾಗ ಚರ್ಚಿನಲ್ಲಿ ಪ್ರಸಂಗ ಕೇಳಿದ ಹಾಗಾಯ್ತು" ಅಂದರು.

ಆ ರಾತ್ರಿ ಬೈಬಲಿನ ಕೀರ್ತನೆಗಳ ಪುಸ್ತಕ ತೆಗೆದೆ. 150 ಕೀರ್ತನೆಗಳಲ್ಲಿ ಪ್ರಲಾಪದವು ಎಷ್ಟೊಂದು ಇವೆ ಅನ್ನುವುದು ಓದಿ ಗೊತ್ತಿತ್ತು, ಹಾಡು ಕಟ್ಟುವವನ ಕಣ್ಣಿನಿಂದ ನೋಡಿರಲಿಲ್ಲ. 13ನೆಯದು ಎರಡೇ ವಚನಗಳೊಳಗೆ ನಾಲ್ಕು ಸಲ "ಎಷ್ಟರ ವರೆಗೆ" ಅಂತ ಕೇಳುತ್ತದೆ. ಅದೇ ಪದ ಮತ್ತೆ ಮತ್ತೆ, ಪ್ರತಿ ಸಲ ಅದರ ಮುಂದಿನ ಮಾತು ಮಾತ್ರ ಬೇರೆ. ಜನಪದ ಹಾಡಿನ ಪಟ್ಟೂ ಇದೇ ತಾನೆ? ಆದರೆ ಆ ಕೀರ್ತನೆ ಕೊನೆಗೆ ಸ್ತುತಿಗೆ ತಿರುಗುತ್ತದೆ. 88ನೆಯದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅಷ್ಟಕ್ಕೆ ನಿಲ್ಲುತ್ತದೆ. ಅದನ್ನು ಸೇರಿಸಿದವರು ಸಮಾಧಾನದ ಒಂದು ಸಾಲನ್ನು ಕೊನೆಗೆ ಅಂಟಿಸಲಿಲ್ಲ, ಪುಸ್ತಕದಿಂದ ಕಿತ್ತೂ ಹಾಕಲಿಲ್ಲ. ಬೆಳಿಗ್ಗೆ ಎದ್ದವನೇ ಮೂರನೇ ಚರಣದ ಹಾಳೆ ಹರಿದೆ.

ಇನ್ನೊಂದು ವಿಷಯವನ್ನೂ ಆ ಕೀರ್ತನೆಯಿಂದಲೇ ಕಲಿತೆ. ಅಷ್ಟು ಕತ್ತಲೆಯಲ್ಲಿದ್ದರೂ ಅದು ಮೊದಲ ಸಾಲಿನಿಂದ ಕಡೆಯ ತನಕ ದೇವರ ಜೊತೆಗೇ ಮಾತಾಡುತ್ತದೆ. ನಾನು ಬರೆದದ್ದು ಹೀಗಿತ್ತು:

ಬಾಗಿಲ ಬಳಿ ಚಪ್ಪಲಿ ಹಾಗೇ ಇದೆ
ಆತನು ಕರೆದಾಗ ಬರಿಗಾಲಲಿ ಹೋದ

ಇದು ದೇವರ ಬೆನ್ನ ಹಿಂದೆ ಆಡಿದ ಮಾತು. "ಆತನು" ಇದ್ದಲ್ಲೆಲ್ಲ "ನೀನು" ಅಂತ ಮಾಡಿದೆ:

ಬಾಗಿಲ ಬಳಿ ಚಪ್ಪಲಿ ಹಾಗೇ ಇದೆ
ನೀ ಕರೆದಾಗ ಬರಿಗಾಲಲಿ ಬಂದನೆ?

ಒಂದು ಸರ್ವನಾಮ ಬದಲಾಗಿದ್ದಕ್ಕೆ ದೂರು ಪ್ರಾರ್ಥನೆಯಾಯಿತು. ಹಾಡುವಾಗ ಗಂಟಲು ಕಟ್ಟಿತು. ಈಗ ಯಾವ ಹಾಡು ಬರೆದರೂ ಇದನ್ನು ಮೊದಲು ನೋಡುತ್ತೇನೆ: ನಾನು ಯಾರ ಜೊತೆ ಮಾತಾಡುತ್ತಿದ್ದೇನೆ?

ಸಂಗೀತಕ್ಕೆ ಬಂದರೆ, ಮಾಮೂಲಿ ಶ್ರುತಿಯಲ್ಲಿ ಈ ಹಾಡು ಕೂರಲಿಲ್ಲ. ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಸಮಾಧಾನ ಹೇಳಿದಂತೆ, ಮೈನರ್ ಹಿಡಿದರೆ ಅಳು ಬರಿಸಲು ಹೊರಟಂತೆ. ಕೊನೆಗೆ ಆರನೇ, ಎರಡನೇ ಮತ್ತು ಒಂದನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿದೆ. ಆಗ ಆರನೆಯದರಿಂದ ಒಂದನೆಯದರ ತನಕ ತಂತಿಗಳ ಸ್ವರ ಡಿ-ಎ-ಡಿ-ಜಿ-ಎ-ಡಿ. 1960ರ ದಶಕದಲ್ಲಿ ಬ್ರಿಟಿಷ್ ಜನಪದ ಗಿಟಾರ್ ವಾದಕ ಡೇವಿ ಗ್ರಹಾಂ ಅವರಿಂದ ಹೆಸರಾದ ಶ್ರುತಿ ಇದು. ನಮ್ಮ ಲೆಕ್ಕದಲ್ಲಿ ಸ-ಪ-ಸ-ಮ-ಪ-ಸ. ಗಾಂಧಾರ, ಅಂದರೆ ಗ ಸ್ವರವೇ ಇಲ್ಲ! ಮೇಜರೋ ಮೈನರೋ ಅಂತ ತೀರ್ಮಾನಿಸುವುದೇ ಗಾಂಧಾರ. ಅದು ಇಲ್ಲದ್ದರಿಂದ ಬರಿ ತಂತಿ ಮೀಟಿದರೆ ಸುಖಕ್ಕೂ ವಾಲುವುದಿಲ್ಲ, ದುಃಖಕ್ಕೂ ವಾಲುವುದಿಲ್ಲ. ಎರಡನೇ ಚರಣದ ಕೊನೆಯ ಸಾಲಿನ ರಾಗದಿಂದಲೂ ಗಾಂಧಾರ ತೆಗೆದೆ. ಹಾಡು ನಿಂತ ಮೇಲೆ ತಂತಿಗಳು ತಾವಾಗಿ ಆರುವ ತನಕ ಕೈ ಇಡುವುದಿಲ್ಲ.

ರೆಕಾರ್ಡಿಂಗ್ ಮನೆಯಲ್ಲೇ ಆಯಿತು. ಒಂದೇ ಮೈಕು, ಗೋಡೆಗೆ ಕಂಬಳಿ, ದನಿ ಮತ್ತು ಗಿಟಾರ್ ಒಟ್ಟಿಗೆ. ಭಕ್ತಿಗೀತೆಗಳನ್ನು ಹೊರತರುವವರೊಬ್ಬರು ಕೇಳಿ, ಕೊನೆಯಲ್ಲೊಂದು "ಹಲ್ಲೆಲೂಯಾ" ಸೇರಿಸಿದರೆ ತಾವೇ ಬಿಡುಗಡೆ ಮಾಡುತ್ತೇವೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಒಪ್ಪಲಿಲ್ಲ, ಸ್ವಂತವಾಗಿಯೇ ಬಿಟ್ಟೆ. ಕೇಳಿದವರು ಕಡಿಮೆ. ಆದರೆ ಸಭೆಯಲ್ಲಿ ಹಾಡಿದ ದಿನ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ಮಗ ತೀರಿಕೊಂಡಾಗಿನಿಂದ ಪ್ರಾರ್ಥನೆಯಲ್ಲಿ ತಮಗೆ ಬಾಯಿಯೇ ಬರುತ್ತಿಲ್ಲ ಎಂದು ಹೇಳಿಕೊಂಡರು. ಅರ್ಧ ಗಂಟೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆವು.

ಆಮೇಲೆ ಒಂದು ಅಪಾಯವೂ ಕಂಡಿತು. ಮುಂದಿನ ಹಾಡಿಗೆ ಕೂತಾಗ ಸಂಶಯದ ಸಾಲುಗಳು ಸಲೀಸಾಗಿ ಬರತೊಡಗಿದವು, ಹಿಂದೆ ಆ ಕಿರೀಟ ಬಂದಷ್ಟೇ ಸಲೀಸಾಗಿ. ಆ ವಾರ ನನಗೆ ಸಂಶಯವೇನೂ ಇರಲಿಲ್ಲ. ಮಾರ್ಕನ ಸುವಾರ್ತೆ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಯೇಸುವಿನ ಮುಂದೆ ನಂಬುತ್ತೇನೆ ಅಂತಲೂ ಕೂಗುತ್ತಾನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಬೇಡುತ್ತಾನೆ, ಎರಡೂ ಒಂದೇ ಉಸಿರಿನಲ್ಲಿ. ಅವನ ಮಾತಿನಲ್ಲಿ ಮೊದಲರ್ಧವೂ ನಿಜವೇ. ಬರೆದದ್ದನ್ನೆಲ್ಲ ಹೊಡೆದುಹಾಕಿದೆ.

ಈಗ ಸ್ತುತಿಯ ಹಾಡೊಂದನ್ನು ಕಟ್ಟುತ್ತಿದ್ದೇನೆ. ಪ್ರಲಾಪಕ್ಕಿಂತ ಇದು ಕಷ್ಟ. ಚರಣಕ್ಕೊಂದಾದರೂ ಕೈಗೆ ಸಿಗುವ ವಸ್ತು ಇರಬೇಕು ಅನ್ನುವುದು ನಾನೇ ಹಾಕಿಕೊಂಡ ನಿಯಮ. ಸದ್ಯಕ್ಕೆ ಇರುವುದು ಒಂದೇ ಚರಣ. ಒಂದು ಬೆಳಿಗ್ಗೆ ಅತ್ತಿಗೆ ಕಿಟಕಿ ತೆರೆದು, ಅಣ್ಣನ ಬೈಬಲಿನ ಧೂಳು ಒರೆಸುತ್ತ, ತಮಗೇ ಗೊತ್ತಿಲ್ಲದೆ ಏನೋ ಗುನುಗುತ್ತಿದ್ದರು. ಅಲ್ಲಿಗೆ ನಿಂತಿದೆ.