ರಸಮೇವು: ಗುಂಡಿ ತುಂಬುವ ದಿನದ ಎಚ್ಚರ

ರಸಮೇವು (ಸೈಲೇಜ್) ಎಂದರೆ ಕತ್ತರಿಸಿದ ಹಸಿಮೇವನ್ನು ಗುಂಡಿಯಲ್ಲಿ ಗಾಳಿಯಾಡದಂತೆ ಅದುಮಿ, ಹುಳಿ ಬರಿಸಿ ಕಾಪಿಡುವ ಮೇವು. ಅದು ಕೆಟ್ಟುಹೋಯಿತೆಂದು ದೂರುವವರ ಗುಂಡಿಗಳಲ್ಲಿ ನನಗೆ ಹೆಚ್ಚಾಗಿ ಕಂಡಿರುವುದು ಒಂದೇ ತಪ್ಪು. ಅವರು ಮೇವನ್ನು ತುಂಬಿರುತ್ತಾರೆ, ಆದರೆ ಸರಿಯಾಗಿ ತುಳಿದಿರುವುದಿಲ್ಲ.

ಮುಸುಕಿನ ಜೋಳವಾದರೆ, ಕಾಳಿನ ಹೊರತುದಿಯಿಂದ ಗಟ್ಟಿಯಾಗುತ್ತ ಬರುವ ಹಿಟ್ಟಿನ ಭಾಗವು ಅರ್ಧ ದಾಟಿದಾಗ ಕಟಾವು ಮಾಡಬೇಕು. ಆಗ ಇಡೀ ಗಿಡದಲ್ಲಿ ಒಣ ಅಂಶ ಸುಮಾರು ಶೇ 30ರಿಂದ 35ರಷ್ಟಿರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಟ್ಟಾಗ ರಸ ತೊಟ್ಟಿಕ್ಕದೆ, ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಅದು ಹದ. ತುಂಡುಗಳು 1ರಿಂದ 2 ಸೆಂಟಿಮೀಟರ್ ಉದ್ದವಿರಲಿ.

ಇನ್ನು ತುಳಿಯುವ ಕೆಲಸ. ಕತ್ತರಿಸಿದ ಮೇಲೂ ಗಿಡದ ಜೀವಕೋಶಗಳು ಉಸಿರಾಡುತ್ತಿರುತ್ತವೆ; ಒಳಗೆ ಗಾಳಿ ಉಳಿದಷ್ಟೂ ಅವು ಸಕ್ಕರೆಯನ್ನು ಸುಟ್ಟು ಮೇವನ್ನು ಬಿಸಿಯಾಗಿಸುತ್ತವೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದುದೂ ಅದೇ ಸಕ್ಕರೆ, ಮತ್ತು ಮೇವನ್ನು ಕಾಪಾಡುವುದು ಆ ಆಮ್ಲವೇ. ಆದ್ದರಿಂದ ಒಂದು ಸಲಕ್ಕೆ 15 ಸೆಂಟಿಮೀಟರಿಗಿಂತ ದಪ್ಪ ಪದರ ಹರಡಬಾರದು. ಟ್ರ್ಯಾಕ್ಟರ್ ಅದರ ಮೇಲೆ ಹಲವು ಬಾರಿ ನಿಧಾನವಾಗಿ ಓಡಾಡಿ, ಕಾಲಿಟ್ಟರೆ ಹೂತುಹೋಗದಷ್ಟು ಬಿಗಿಯಾದ ಮೇಲೆಯೇ ಮುಂದಿನ ಪದರ ಬೀಳಬೇಕು. ಗಾಲಿ ತಲುಪದ ಗೋಡೆಯಂಚು ಮತ್ತು ಮೂಲೆಗಳನ್ನು ಮನುಷ್ಯರೇ ತುಳಿಯಬೇಕು, ಏಕೆಂದರೆ ಬೂಷ್ಟು ಹೆಚ್ಚಾಗಿ ಶುರುವಾಗುವುದು ಅಲ್ಲಿಂದ. ಮೇವು ಬರುವ ವೇಗಕ್ಕೆ ತುಳಿತ ಸಾಲದಿದ್ದರೆ ಕಟಾವನ್ನು ನಿಧಾನಿಸಿ, ತುಳಿತವನ್ನು ಅವಸರಿಸಬೇಡಿ. ಗಾಲಿಗೆ ಮೆತ್ತಿದ ಮಣ್ಣನ್ನು ಮೊದಲೇ ತೊಳೆಯಿರಿ. ಮಣ್ಣಿನೊಡನೆ ಒಳಸೇರುವ ಕ್ಲಾಸ್ಟ್ರಿಡಿಯಾ ಜಾತಿಯ ಬ್ಯಾಕ್ಟೀರಿಯಾಗಳು ರಸಮೇವನ್ನು ಹಳಸಿದ ಬೆಣ್ಣೆಯಂತೆ ನಾರಿಸುತ್ತವೆ.

ಪೊಟ್ಟಣದಲ್ಲಿ ಬರುವ ಬ್ಯಾಕ್ಟೀರಿಯಾ ಪುಡಿಯನ್ನು ಬೇಕಾದವರು ಬಳಸಲಿ, ಆದರೆ ಅದು ತುಳಿತದ ಕೊರತೆಯನ್ನು ತುಂಬಿಕೊಡುವುದಿಲ್ಲ. ಹದವಾದ ಜೋಳಕ್ಕೆ ಕಾಕಂಬಿಯೂ ಬೇಡ. ದ್ವಿದಳದಂತಹ, ಸಕ್ಕರೆ ಕಡಿಮೆಯಿರುವ ಮೇವಿಗೆ ಅದು ಉಪಯುಕ್ತ.

ಮಳೆನೀರು ಜಾರುವಂತೆ ಮೇಲ್ಭಾಗವನ್ನು ಉಬ್ಬಾಗಿಸಿ, ತುಂಬುವುದು ಮುಗಿದ ದಿನವೇ ಮುಚ್ಚಬೇಕು. ಹಳೆಯ ಟಾರ್ಪಾಲಿನ್ ಹೊದಿಸಿ ಹಣ ಉಳಿಸಿದೆನೆಂದುಕೊಳ್ಳುವವರು ಮೇಲಿನ ಒಂದು ಪದರವನ್ನೇ ತಿಪ್ಪೆಗೆ ಸುರಿಯುತ್ತಾರೆ. 150 ಮೈಕ್ರಾನಿಗೆ ಕಡಿಮೆಯಿಲ್ಲದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ಹಳೆಯ ಟೈರುಗಳನ್ನು ಒಂದಕ್ಕೊಂದು ತಾಗುವಂತೆ ಹೇರಬೇಕು. ಮೊದಲ ಮೂರು ವಾರ ಮೇವಿನಿಂದ ಹಳದಿ-ಕಂದು ಬಣ್ಣದ ವಿಷಾನಿಲ ಹೊರಡಬಹುದು. ಆಳವಾದ ಗುಂಡಿಗೆ ಆ ದಿನಗಳಲ್ಲಿ ಯಾರೂ ಇಳಿಯಬಾರದು. ಹಾಳೆಯಲ್ಲಿ ತೂತು ಕಂಡರೆ ಅಂದೇ ತೇಪೆ ಹಾಕಿ.

ಸುಮಾರು 45 ದಿನಗಳ ನಂತರ ತೆರೆಯಬಹುದು. ಹಸಿರು ಮಿಶ್ರಿತ ಹಳದಿ ಬಣ್ಣ ಮತ್ತು ಹಿತವಾದ ಹುಳಿವಾಸನೆ ಒಳ್ಳೆಯ ಲಕ್ಷಣಗಳು. ಒಂದೇ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ನೇರವಾಗಿ, ದಿನಕ್ಕೆ ಕನಿಷ್ಠ 15 ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆಯಬೇಕು. ಅಲ್ಲಲ್ಲಿ ಬಗೆದರೆ ಗಾಳಿ ಹೊಕ್ಕು ಉಳಿದದ್ದು ಬಿಸಿಯಾಗುತ್ತದೆ. ದಿನಕ್ಕೆ ಅಷ್ಟು ಖರ್ಚಾಗದಿದ್ದರೆ ಮುಂದಿನ ವರ್ಷ ಗುಂಡಿಯ ಅಗಲವನ್ನೇ ಕಿರಿದಾಗಿಸಿ. ಬೂಷ್ಟು ಹಿಡಿದ ಭಾಗವನ್ನು ಒಳ್ಳೆಯ ಮೇವಿನೊಡನೆ ಬೆರೆಸಿ ತಿನ್ನಿಸುವ ಜಾಣತನ ಬೇಡವೇ ಬೇಡ. ಕೆಟ್ಟ ರಸಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದ ಗಬ್ಬದ ಹಸುಗಳು ಕಂದು ಹಾಕುವುದುಂಟು.