ಪಿನಿಯನ್‌ಗೆ ಎಷ್ಟು ಹಲ್ಲು? ಮೊದಲು ದಾರಿ ನೋಡಿ

ಆರ್‌ಸಿ ಕಾರು (ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು) ಕೊಂಡವರೆಲ್ಲ ಕೇಳುವುದು ಒಂದೇ: 'ಸ್ಪೀಡ್ ಜಾಸ್ತಿ ಮಾಡೋದು ಹೇಗೆ?' ನಾನು ಕೇಳುವುದು, 'ಓಡಿಸೋದು ಎಲ್ಲಿ ಮಾರಾಯ್ರೇ?' ಶಿವಮೊಗ್ಗದ ಬಡಾವಣೆಯ ಡಾಂಬರು ರಸ್ತೆಗೆ ಹೊಂದುವ ಗೇರು ತೀರ್ಥಹಳ್ಳಿ ಕಡೆಯ ನಮ್ಮನೆ ಏರಿಗೆ ಹೊಂದುವುದಿಲ್ಲ.

ಮೋಟಾರ್ ಶಾಫ್ಟಿನ ಮೇಲೆ ಕೂರುವ ಚಿಕ್ಕ ಗೇರು ಪಿನಿಯನ್. ಅದು ತಿರುಗಿಸುವ ದೊಡ್ಡದು ಸ್ಪರ್. ಪಿನಿಯನ್ ಹಲ್ಲು ಹೆಚ್ಚಿಸಿದರೆ ಓಟ ಜಾಸ್ತಿ, ಎಳೆತ ಕಡಿಮೆ, ಮೋಟಾರ್ ಬಿಸಿ. ಸ್ಪರ್ ಹಲ್ಲು ಹೆಚ್ಚಿಸಿದರೆ ಇದರ ಉಲ್ಟಾ.

ಲೆಕ್ಕ ಸುಲಭ. ಸ್ಪರ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿ, ಗಾಡಿಯ ಒಳಗಿನ ಗೇರಿನ ಅನುಪಾತದಿಂದ ಗುಣಿಸಿ. ಉದಾಹರಣೆಗೆ ತಾಮಿಯಾ ಕಂಪನಿಯ ಟಿಟಿ-02 ಗಾಡಿಯಲ್ಲಿ ಸ್ಪರ್ 70, ಪಿನಿಯನ್ 22, ಒಳಗಿನದು 2.6. ಬರುವುದು 8.27. ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರ್ ಎಂಟೂಕಾಲು ಸುತ್ತು ಹಾಕಿರುತ್ತದೆ. ಪಿನಿಯನ್ 19 ಹಾಕಿದರೆ 9.58, 25 ಹಾಕಿದರೆ 7.28. ಸಂಖ್ಯೆ ಇಳಿದಷ್ಟೂ ಓಟ ಏರುತ್ತದೆ.

ನಮ್ಮ ಸಿಮೆಂಟ್ ಅಂಗಳದಲ್ಲಿ ಕಂಪನಿ ಕೊಟ್ಟ ಗೇರೇ ಸಾಕು. ಆದರೆ ಅಡಿಕೆ ಒಣಗಿಸುವ ದಿನಗಳಲ್ಲಿ ಅಂಗಳದ ಹತ್ತಿರ ಸುಳಿಯುವ ಹಾಗಿಲ್ಲ, ಒಂದು ಗೋಟು ಚಕ್ರಕ್ಕೆ ಸಿಕ್ಕಿದರೂ ಅಮ್ಮ ಬಿಡುವುದಿಲ್ಲ. ಆಗ ಮಣ್ಣಿನ ದಾರಿಗೆಂದೇ ಇರುವ ಬಗ್ಗಿ ಗಾಡಿ ತೆಗೆದುಕೊಂಡು ತೋಟದ ಏರಿಗೆ ಹೋಗುತ್ತೇನೆ. ಕೆಂಪು ಮಣ್ಣು, ದರಗು, ಹುಲ್ಲು. ಅಲ್ಲಿಗೆ ಪಿನಿಯನ್‌ನಲ್ಲಿ ಎರಡು ಮೂರು ಹಲ್ಲು ಕಡಿಮೆ ಬೇಕು. ಮಳೆಗಾಲದಲ್ಲಿ ಟೈರಿಗೆ ಕೆಸರು ಮೆತ್ತಿಕೊಂಡರಂತೂ ಮೋಟಾರಿಗೆ ಭಾರ ಇನ್ನೂ ಜಾಸ್ತಿ. ಅಂದಹಾಗೆ, ದೊಡ್ಡ ಟೈರ್ ಹಾಕಿದರೂ ಪಿನಿಯನ್ ದೊಡ್ಡದು ಮಾಡಿದಂತೆಯೇ ಆಗುತ್ತದೆ. ಇದನ್ನು ಸುಮಾರು ಜನ ಮರೆಯುತ್ತಾರೆ.

ಲೆಕ್ಕಕ್ಕಿಂತ ನಾನು ನಂಬುವುದು ಬಿಸಿಯನ್ನು. ಚಿಕ್ಕ ಪಿನಿಯನ್‌ನಿಂದ ಶುರು ಮಾಡಿ. ಐದು ನಿಮಿಷ ಓಡಿಸಿ, ನಿಲ್ಲಿಸಿದ ಕೂಡಲೇ ಮೋಟಾರ್ ಮತ್ತು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎರಡರ ಬಿಸಿ ನೋಡಿ. ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ನಾನು 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ನಿಲ್ಲಿಸುತ್ತೇನೆ. ಇನ್ನೂ ತಣ್ಣಗಿದೆಯಾ? ಒಂದು ಹಲ್ಲು ಏರಿಸಿ, ಮತ್ತೆ ನೋಡಿ. ಒಂದೇ ಸಲ ನಾಲ್ಕು ಹಲ್ಲು ಹಾರಬೇಡಿ. ಜನವರಿಯ ಚಳಿಯಲ್ಲಿ ಸರಿಯಿದ್ದ ಗೇರು ಏಪ್ರಿಲ್ ಬಿಸಿಲಿಗೆ ಸರಿ ಇರಬೇಕೆಂದಿಲ್ಲ. 2ಎಸ್ ಲಿಪೋ (ಎರಡು ಸೆಲ್ಲಿನ ಬ್ಯಾಟರಿ) ಬಿಟ್ಟು ಮೂರು ಸೆಲ್ಲಿನ 3ಎಸ್‌ಗೆ ಹೋದರೆ ಪಿನಿಯನ್ ಇಳಿಸಿಯೇ ಶುರು ಮಾಡಿ.

ಮೋಟಾರ್ ಸರಿಸಲು ಬರುವ ಗಾಡಿಯಾದರೆ ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ಸಣ್ಣ ಪಟ್ಟಿ ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರು ತಿರುಗಿಸಿ ಹಾಳೆ ತೆಗೆಯಿರಿ. ಸ್ಪರ್ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇರಬೇಕು. ಪಿನಿಯನ್ ಅನ್ನು ಬಿಗಿ ಹಿಡಿಯುವ ತಲೆಯಿಲ್ಲದ ಚಿಕ್ಕ ಸ್ಕ್ರೂ, ಅಂದರೆ ಗ್ರಬ್ ಸ್ಕ್ರೂ, ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಲಿ, ಇಲ್ಲದಿದ್ದರೆ ಜಾರುತ್ತದೆ.

ಪಿನಿಯನ್ ತರಿಸುವಾಗ ಹಲ್ಲಿನ ಅಳತೆ ಕೇಳಿ. 48 ಪಿಚ್ ಮತ್ತು 0.6 ಮಾಡ್ಯೂಲ್ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಜೊತೆ ಹಾಕಿದರೆ ಸ್ಪರ್ ಹಲ್ಲು ತಿಂದುಹಾಕುತ್ತವೆ. ಶಾಫ್ಟಿನ ದಪ್ಪವನ್ನೂ ನೋಡಿ: 540 ಅಳತೆಯ ಮೋಟಾರಿಗೆ ಸಾಮಾನ್ಯವಾಗಿ 3.17 ಮಿ.ಮೀ., ದೊಡ್ಡ ಮೋಟಾರುಗಳಿಗೆ 5 ಮಿ.ಮೀ.