ಮಂಗನ ಕಾಯಿಲೆಯ ಅಧ್ಯಯನ: ನನ್ನ ಸಂಶೋಧನಾ ದಾಖಲೆಯನ್ನು ಜೋಡಿಸಿದ ಬಗೆ

ಬಡ್ತಿಗೋ ಅನುದಾನಕ್ಕೋ ಅರ್ಜಿ ಹಾಕುವ ವಿಜ್ಞಾನಿಗಳು ಪ್ರಕಟಿತ ಪ್ರಬಂಧಗಳನ್ನು ವರ್ಷವಾರು ಬರೆದು, ಕೊನೆಯಲ್ಲಿ ಉಲ್ಲೇಖಗಳ ಸಂಖ್ಯೆಯನ್ನೂ ಪ್ರಬಂಧಗಳನ್ನೂ ಅವುಗಳಿಗೆ ಸಿಕ್ಕ ಉಲ್ಲೇಖಗಳನ್ನೂ ಒಂದೇ ಅಂಕಿಯಲ್ಲಿ ಅಳೆಯುವ ಎಚ್-ಇಂಡೆಕ್ಸನ್ನೂ ಸೇರಿಸಿ, ಅದನ್ನೇ ತಮ್ಮ ಸಂಶೋಧನಾ ದಾಖಲೆ ಎಂದು ಕೊಡುವುದು ವಾಡಿಕೆ. ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿರುವ ನಾನು ನನ್ನ ದಾಖಲೆಯನ್ನು ಬೇರೆ ರೀತಿಯಲ್ಲಿ ಜೋಡಿಸಿದೆ. ಯಾವ ಪ್ರಶ್ನೆಯನ್ನು ಹಿಡಿದು ಹೊರಟೆವು, ಅದಕ್ಕಾಗಿ ಎಲ್ಲಿಂದ ಏನನ್ನು ಸಂಗ್ರಹಿಸಿದೆವು, ಅದರಲ್ಲಿ ನನ್ನ ಪಾಲಿನ ಕೆಲಸ ಯಾವುದು ಎಂಬುದನ್ನು ಮೊದಲು ಬರೆದು, ಪ್ರಬಂಧದ ಹೆಸರನ್ನು ಅದರ ಕೆಳಗೆ ಇಟ್ಟೆ.

ಈ ರೋಗದ ಸ್ವಭಾವವೇ ಹಾಗೆ ಮಾಡಿಸಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಇದು ಹೊಸ ವೈರಸ್ಸೆಂದೂ ಉಣುಗುಗಳಿಂದ ಹರಡುವುದೆಂದೂ ಕಂಡುಕೊಂಡರು. ಮುಖ್ಯ ವಾಹಕವಾದ ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣುಗಿನ ನಿಂಫ್ ಹಂತ, ಅಂದರೆ ಪೂರ್ತಿ ಬೆಳೆಯುವ ಮುಂಚಿನ ಎಳೆಯ ಹಂತ, ಹೆಚ್ಚಾಗಿ ಸಿಗುವುದು ಮಳೆಗಾಲ ಮುಗಿದು ಕಾಡು ಒಣಗಿದ ಮೇಲೆ. ರೋಗಿಗಳು ಬರುವುದೂ ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ. ಹೀಗಾಗಿ ಒಂದು ಋತುವಿನ ಸಂಗ್ರಹ ಪರೀಕ್ಷೆ, ವಿಶ್ಲೇಷಣೆ, ವಿಮರ್ಶಕರ ಆಕ್ಷೇಪಗಳನ್ನೆಲ್ಲ ದಾಟಿ ಅಚ್ಚಾಗುವಷ್ಟರಲ್ಲಿ ಮುಂದಿನ ಋತುಗಳು ಕಳೆದಿರುತ್ತವೆ. ವರ್ಷವಾರು ಪಟ್ಟಿಯಲ್ಲಿ ಖಾಲಿ ಕಾಣುವ ವರ್ಷವೇ ಕಾಡಿನಲ್ಲಿ ಅತಿ ಹೆಚ್ಚು ಕೆಲಸ ನಡೆದ ವರ್ಷವಾಗಿರುವುದು ಅಪರೂಪವಲ್ಲ.

ನನ್ನ ದಾಖಲೆಗೆ ಆಧಾರವಾದದ್ದು ಮಾದರಿಗಳ ವಹಿ. ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ತರಗೆಲೆಗಳ ಮೇಲೆ ಎಳೆದುಕೊಂಡು ಹೋದಾಗ ಎಳ್ಳಿನ ಕಾಳಿಗಿಂತಲೂ ಚಿಕ್ಕದಾದ ನಿಂಫ್‌ಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಅವನ್ನು ಚಿಮಟದಿಂದ ಹೆಕ್ಕಿ ಶೀಷೆಗೆ ಹಾಕಿದ ಜಾಗದಲ್ಲೇ ವಹಿಯ ಸಾಲು ತುಂಬಬೇಕು: ದಿನಾಂಕ, ಊರು, ಜಿಪಿಎಸ್ ಗುರುತು, ಆ ನೆಲ ಕಾನೋ (ದಟ್ಟ ನಿತ್ಯಹರಿದ್ವರ್ಣ ಕಾಡು) ಸೊಪ್ಪಿನ ಬೆಟ್ಟವೋ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಅಕೇಶಿಯಾ ನೆಡುತೋಪೋ, ಹತ್ತಿರದಲ್ಲಿ ಮಂಗ ಸತ್ತಿತ್ತೋ ಎಂಬ ವಿವರ. ಜಾತಿ ಗುರುತಿಸಲೆಂದು ಆಲ್ಕೋಹಾಲಿನಲ್ಲಿ ಇಡುವ ಉಣುಗುಗಳ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯುತ್ತೇವೆ, ಏಕೆಂದರೆ ಶಾಯಿ ಕರಗಿಹೋಗುತ್ತದೆ. ವೈರಸ್ ಪರೀಕ್ಷೆಗೆ ಹೋಗುವವನ್ನು ಮಾತ್ರ ಶೀತಲೀಕರಿಸಿ, ಒಂದೇ ಜಾತಿ, ಒಂದೇ ಹಂತ, ಒಂದೇ ಜಾಗದವನ್ನು ಗುಂಪುಗೂಡಿಸಿ ಅರೆದು ಪರೀಕ್ಷಿಸುತ್ತೇವೆ. ಗುಂಪಿನಲ್ಲಿ ವೈರಸ್ ಕಂಡರೆ ಕನಿಷ್ಠ ಒಂದು ಉಣುಗಿಗೆ ಸೋಂಕಿದೆ ಎಂದಷ್ಟೇ ಹೇಳಬಹುದು. ಆದ್ದರಿಂದ ಗುಂಪಿನ ಗಾತ್ರವನ್ನು ಬರೆಯದ ಫಲಿತಾಂಶ ಎಷ್ಟೇ ಆಕರ್ಷಕವಾಗಿದ್ದರೂ ನನ್ನ ದಾಖಲೆಯೊಳಗೆ ಬರಲಿಲ್ಲ.

ರೋಗಿಗಳ ರಕ್ತದ ಮಾದರಿಗಳಲ್ಲಿ ನಾನು ಪಟ್ಟುಹಿಡಿದು ಬರೆಸುತ್ತಿದ್ದ ವಿವರವೆಂದರೆ, ಅದು ಜ್ವರ ಶುರುವಾದ ಎಷ್ಟನೆಯ ದಿನದ ರಕ್ತ ಎಂಬುದು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಸಿಗುತ್ತದೆ. ದಿನಗಳು ಸರಿದಂತೆ ಅದು ಕಡಿಮೆಯಾಗಿ, ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ದಿನದ ಲೆಕ್ಕವಿಲ್ಲದೆ ‘ನೆಗೆಟಿವ್’ ಎಂದು ಬರೆದರೆ ರೋಗವಿಲ್ಲವೆಂದೋ ಪರೀಕ್ಷೆ ತಡವಾಯಿತೆಂದೋ ಯಾರೂ ಹೇಳಲಾರರು. ರೋಗಿಗಳ ಹೆಸರುಗಳು ಬೀಗ ಹಾಕಿದ ಕಪಾಟಿನ ವಹಿಯಲ್ಲಿ ಮಾತ್ರ ಇದ್ದು, ದಾಖಲೆಯಲ್ಲಿ ಸಂಕೇತ ಸಂಖ್ಯೆಗಳಷ್ಟೇ ಇವೆ.

ಪ್ರಬಂಧಗಳನ್ನು ಒಟ್ಟುಗೂಡಿಸುವಾಗ ಎದುರಾದ ತೊಡಕು ನಮ್ಮ ಕಡೆಯವರಿಗೆಲ್ಲ ಪರಿಚಿತವಾದದ್ದೇ. ಊರಿನ ಹೆಸರು, ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಮುಂದಿಟ್ಟು ಬರೆಯುವ ನನ್ನ ಹೆಸರನ್ನು ಒಂದು ನಿಯತಕಾಲಿಕ ಮೊದಲಕ್ಷರವನ್ನೇ ಕುಲನಾಮವೆಂದು ಭಾವಿಸಿ ತಿರುಗುಮುರುಗು ಮಾಡಿದರೆ, ಇನ್ನೊಂದು ಅದನ್ನು ಪೂರ್ತಿ ಬಿಡಿಸಿ ಅಚ್ಚು ಹಾಕಿತ್ತು. ಹುಡುಕಿದರೆ ಒಬ್ಬಳೇ ವ್ಯಕ್ತಿ ಹಲವರಾಗಿ ಸಿಗುತ್ತಿದ್ದಳು. ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ ಹದಿನಾರು ಅಂಕಿಗಳ ಓರ್ಕಿಡ್ (ORCID) ಗುರುತನ್ನು ಪಡೆದು ಹಳೆಯ ಪ್ರಬಂಧಗಳನ್ನೆಲ್ಲ ಡಿಒಐ (ಪ್ರತಿ ಪ್ರಬಂಧದ ಶಾಶ್ವತ ಗುರುತು) ಮೂಲಕ ಅದಕ್ಕೆ ಸೇರಿಸಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ಇಳಿಯಿತು.

ಎಚ್-ಇಂಡೆಕ್ಸನ್ನು ಒಂದೇ ಸಾಲಿನಲ್ಲಿ ಬರೆದು ಬಿಟ್ಟೆ. ಪಶ್ಚಿಮ ಘಟ್ಟದ ಕೆಲವೇ ಜಿಲ್ಲೆಗಳಲ್ಲಿ ಕಾಣುವ ರೋಗದ ಬಗ್ಗೆ ಬರೆಯುವವರೇ ಕಡಿಮೆ, ಆದ್ದರಿಂದ ಉಲ್ಲೇಖಿಸುವವರೂ ಕಡಿಮೆ. ಡೆಂಗಿಯ ಮೇಲೆ ಕೆಲಸ ಮಾಡುವವರ ಎಚ್-ಇಂಡೆಕ್ಸಿನೊಡನೆ ಇದನ್ನು ತೂಗುವುದು ನ್ಯಾಯವಲ್ಲ. ಅದರ ಬದಲು, ಬಹುಲೇಖಕರ ಪ್ರತಿ ಪ್ರಬಂಧದ ಕೆಳಗೆ ಸಂಗ್ರಹ ಯಾರದು, ಪರೀಕ್ಷೆ ಯಾರದು, ಬರವಣಿಗೆ ಯಾರದು ಎಂದು ಸಹಲೇಖಕರ ಒಪ್ಪಿಗೆ ಪಡೆದು ನಮೂದಿಸಿದೆ. ಉಣುಗುಗಳನ್ನು ಹೆಕ್ಕಿಕೊಟ್ಟ ಕ್ಷೇತ್ರ ಸಹಾಯಕರ ಹೆಸರು ಅನೇಕ ಪ್ರಬಂಧಗಳಲ್ಲಿ ಕೃತಜ್ಞತೆಯ ಸಾಲಿನಲ್ಲಷ್ಟೇ ಇದೆ, ಅದೂ ಕೆಲವೊಮ್ಮೆ ಇಲ್ಲ. ನನ್ನ ದಾಖಲೆಯಲ್ಲಿ ಅವರ ಕೆಲಸಕ್ಕೆ ಪ್ರತ್ಯೇಕ ಸಾಲು ಕೊಟ್ಟೆ. ವೈರಸ್ ಸಿಗದ ಊರುಗಳ ಫಲಿತಾಂಶಗಳು ಪ್ರಕಟವಾಗದಿದ್ದರೂ ಅನುಬಂಧದಲ್ಲಿವೆ. ಆ ಊರುಗಳಲ್ಲಿ ಮುಂದೆ ಮಂಗ ಸತ್ತರೆ ಹೋಲಿಸಿ ನೋಡಲು ಬೇಕಾಗುವುದು ಆ ಪುಟಗಳೇ.